ತೊಟ್ಟಿಯೊಳಗಿನ ಕೂದಲು

ನಮ್ಮ ಮೇಲಿನ ಮನೆಯವನನ್ನು ಇಡೀ ಕಟ್ಟಡ ಲಿಫ್ಟಪ್ಪ ಅಂತಲೇ ಕರೆಯುತ್ತದೆ. ಲಿಫ್ಟ್ ರಿಪೇರಿ ಅವನ ಕಸುಬು. ನಮ್ಮ ಕಟ್ಟಡಕ್ಕೆ ಮಾತ್ರ ಲಿಫ್ಟೇ ಇಲ್ಲ. ಊರವರನ್ನೆಲ್ಲ ಮೇಲಕ್ಕೆ ಏರಿಸಿ ನನಗೆ ಮಾತ್ರ ಮೆಟ್ಟಿಲು ತೋರಿಸ್ತೀರಿ ಅಂತ ಅವನ ಹೆಂಡತಿ ಚುಚ್ಚುತ್ತಿದ್ದಳು. ಅವನು ತಲೆ ಕೆರೆದುಕೊಂಡು ನಗುತ್ತಿದ್ದ. ಕಾಯಿಲೆ ಬಂದು, ಅವನೇ ಅವಳನ್ನು ಎತ್ತಿಕೊಂಡು ಹತ್ತುವ ಹಾಗಾದ ಮೇಲೆ ಅವಳೂ ಆ ಮಾತು ಬಿಟ್ಟಳು.

ಹಾಸಿಗೆ ಹಿಡಿದ ಮೇಲೆ ಅವಳು ಕೇಳಿದ್ದು ಒಂದೇ, ಸಮುದ್ರ ನೋಡಬೇಕು ಅಂತ. ಕರೆದುಕೊಂಡು ಹೋಗುವ ಸ್ಥಿತಿಯಲ್ಲ. ಅದಕ್ಕೆ ಅವನು ಮಂಚದ ಎದುರಿಗೇ ಗಾಜಿನ ತೊಟ್ಟಿ ತಂದಿಟ್ಟ. ಅಳೆದು ಕಲಸಿದ ಉಪ್ಪುನೀರು, ತೂತು ತೂತಿನ ಕಲ್ಲು, ಮೇಲೆ ನೀಲಿ ದೀಪ. ನೀರು ಹದಕ್ಕೆ ಬರುವವರೆಗೆ ಏನೂ ಬಿಡಬೇಡ ಅಂದಿದ್ದನಂತೆ ಮೀನಿನ ಅಂಗಡಿಯವನು. ಹಾಗಾಗಿ ವಾರಗಟ್ಟಲೆ ಅವಳು ಬರೀ ಕಲ್ಲು ನೋಡಿಕೊಂಡು ಮಲಗಿದ್ದಳು. ಆಮೇಲೆ ಮೀನು ಬಂದವು. ಹವಳವನ್ನು ಫೋಟೋ ನೋಡಿ ಅವಳೇ ಆರಿಸಿದಳು. ಅಂಗಿ ಗುಂಡಿಗಳನ್ನು ಕಲ್ಲಿಗೆ ಹೊಲಿದಂತೆ ಕಾಣುವ ಕಿತ್ತಳೆ ಬಣ್ಣದ ಹವಳ. ಜೀವ ಇರುವಂಥದ್ದು. ಬೆಳಕಿಗೆ ಅರಳುತ್ತದೆ, ಏನಾದರೂ ತಾಗಿದರೆ ಮುದುಡುತ್ತದೆ. ಅದು ಅರಳಿದ್ದನ್ನು ಅವಳು ನೋಡಿದ್ದು ಸ್ವಲ್ಪ ದಿನ ಮಾತ್ರ.

ಅವಳು ಹೋದ ಮೇಲೆ ಆ ಮನೆಯಲ್ಲಿ ಉಳಿದವರು ಅವನು ಮತ್ತು ಅವನ ಅತ್ತೆ, ಅಂದರೆ ಅವಳ ತಾಯಿ. ಆಕೆಯ ಜೊತೆ ಕೂರಲು ನಾನು ಮಧ್ಯಾಹ್ನ ಹೋಗುತ್ತಿದ್ದೆ. ಒಳಕೋಣೆಯಲ್ಲಿ ತೊಟ್ಟಿಯ ಪಂಪು ಗುಳುಗುಳು ಅನ್ನುತ್ತಿರುತ್ತಿತ್ತು, ನಾವಿಬ್ಬರೂ ಸುಮ್ಮನೆ ಕೇಳುತ್ತಿದ್ದೆವು.

ತೊಟ್ಟಿಯ ಗಾಜಿಗೆ ಮೊದಲು ಕಂದು ಪುಡಿ ಹಿಡಿಯಿತು. ಹೊಸ ತೊಟ್ಟಿಗೆ ಅದು ಬರೋದೇ, ತಾನೇ ಹೋಗುತ್ತೆ ಅಂದ ಅಂಗಡಿಯವನು. ಹೋಯಿತು ಕೂಡ. ಅದರ ಹಿಂದೆಯೇ ಕಲ್ಲಿನ ಮೇಲೆ ಹಸಿರು ಪಾಚಿ ಎಳೆಎಳೆಯಾಗಿ ಹುಟ್ಟಿತು. ದೀಪ ಕಡಿಮೆ ಉರಿಸು, ಮೀನಿಗೆ ಚಿಟಿಕೆಯಷ್ಟೇ ಹಾಕು, ಆಗಾಗ ಸ್ವಲ್ಪ ನೀರು ಬದಲಿಸು, ಉಳಿದದ್ದನ್ನು ಕೈಯಲ್ಲಿ ಕಿತ್ತುಬಿಡು ಅಂದ. ಪಾಚಿ ಮೇಯಲಿ ಅಂತ ಪುಟ್ಟ ಬಸವನಹುಳುಗಳನ್ನೂ ಕೊಟ್ಟ. ಲಿಫ್ಟಪ್ಪ ಎಲ್ಲ ಮಾಡಿದ. ಕಿತ್ತಷ್ಟೂ ಬೆಳೆಯಿತು. ಅದರಡಿ ಹವಳದ ಗುಂಡಿಗಳು ಒಂದೊಂದೇ ಮುಚ್ಚಿಕೊಂಡವು.

"ದೊಡ್ಡಮ್ಮ, ಅವಳದು ಅಂತ ಉಳಿದಿರೋ ಜೀವ ಇದೊಂದೇ" ಅಂದ ನನ್ನ ಹತ್ತಿರ. ಇದನ್ನೂ ಕಳ್ಕೊಂಡರೆ ಈ ಮನೆಯೊಳಗೆ ಹೇಗೆ ಕಾಲಿಡಲಿ ಅಂದ.

ಇನ್ನೊಂದನ್ನು ಅವನು ದನಿ ತಗ್ಗಿಸಿ ಹೇಳಿದ. ತೊಟ್ಟಿಯ ದೀಪ ಆರಿಸಿ ಕೆಲಸಕ್ಕೆ ಹೋಗುತ್ತಾನೆ, ತಿರುಗಿ ಬರುವಷ್ಟರಲ್ಲಿ ಉರಿಯುತ್ತಿರುತ್ತದೆ. ಹೆಂಡತಿಗೆ ಕತ್ತಲೆಂದರೆ ಆಗುತ್ತಿರಲಿಲ್ಲ, ಬದುಕಿರುವ ತನಕ ಆ ದೀಪ ಆರಿಸಲು ಬಿಟ್ಟವಳಲ್ಲ. ನಿನ್ನ ಅತ್ತೆಯನ್ನ ಕೇಳಬಾರದೇನೋ ಅಂದೆ. ಅವನಿಗೆ ಕೇಳುವ ಧೈರ್ಯವಿರಲಿಲ್ಲ. ಹಚ್ಚಿದ್ದು ನಾನಲ್ಲ ಅಂತ ಆಕೆ ಅಂದುಬಿಟ್ಟರೆ?

ಮಾರನೆಯ ದಿನ ನಾನು ಹೋದಾಗ ಬಾಗಿಲು ಓರೆಯಾಗಿತ್ತು. ಆಕೆ ತೊಟ್ಟಿಯ ಮುಂದೆ ಸ್ಟೂಲಿನ ಮೇಲೆ ಕೂತಿದ್ದರು. ದೀಪ ಉರಿಯುತ್ತಿತ್ತು. ಮೀನಿನ ಆಹಾರವನ್ನು ಹಿಡಿಹಿಡಿಯಾಗಿ ನೀರಿಗೆ ಉದುರಿಸುತ್ತಿದ್ದರು. ತಿನ್ನುವಷ್ಟು ತಿಂದು ಮೀನು ಮೂಲೆ ಸೇರಿದ್ದವು. ಉಳಿದದ್ದು ಪಾಚಿಯ ಮೇಲೆ ಇಳಿಯುತ್ತಿತ್ತು.

"ನೋಡಿ ಅಕ್ಕ, ಮತ್ತೆ ಬರ್ತಿದೆ" ಅಂದರು.

ಏನು ಅಂತ ಕೇಳಿದೆ.

"ಅವಳ ಕೂದಲು."

ಔಷಧಿಗೆ ಮಗಳ ಕೂದಲೆಲ್ಲ ಉದುರಿತ್ತು. ದಿಂಬಿನ ಮೇಲಿಂದ ಅದನ್ನು ಬಳಿದು ತೆಗೆಯುತ್ತಿದ್ದವರು ಈಕೆಯೇ. ನಾನು ಬಗ್ಗಿ ನೋಡಿದೆ. ಪಂಪಿನ ಸೆಳೆತಕ್ಕೆ ಪಾಚಿಯೆಲ್ಲ ಒಂದೇ ಕಡೆ ವಾಲಿತು, ನೀರಡಿ ಯಾರೋ ಮುಖ ತಿರುಗಿಸಿದ ಹಾಗೆ.

ಹಿಂದೆ ಕೆಮ್ಮಿದ ಸದ್ದಾಯಿತು. ಬೇಗ ಮನೆಗೆ ಬಂದಿದ್ದ ಲಿಫ್ಟಪ್ಪ ಬಾಗಿಲಲ್ಲೇ ನಿಂತಿದ್ದ. ಎಲ್ಲ ಕೇಳಿಸಿಕೊಂಡಿದ್ದ. ರೇಗುತ್ತಾನೆ ಅಂದುಕೊಂಡೆ. ಅವನು ಬಂದು ಅತ್ತೆಯ ಕಾಲ ಬಳಿ ನೆಲಕ್ಕೆ ಕೂತ. ತೋಳು ಮೇಲೇರಿಸಿ, ನೀರಿಗೆ ಕೈ ಹಾಕಿ, ಎಳೆಗಳನ್ನು ಮೆಲ್ಲಗೆ ಸರಿಸಿ ತೋರಿಸಿದ. ಅಡಿಯಲ್ಲಿ ಒಂದು ಕಿತ್ತಳೆ ಗುಂಡಿ ಅರೆಬಿರಿದು ನಿಂತಿತ್ತು.

"ಅತ್ತೆ, ಅವಳು ಇಷ್ಟಪಟ್ಟಿದ್ದು ಇದನ್ನ. ಇದಕ್ಕೆ ಉಸಿರು ಕಟ್ತಿದೆ."

ಆಕೆ ಗಾಜಿಗೆ ಮುಖ ತಂದು ನೋಡಿದರು. ಆಮೇಲೆ ಬಳೆಗಳನ್ನು ಮೇಲಕ್ಕೆ ಸರಿಸಿಕೊಂಡರು. "ನಾನೇ ತೆಗೀತೀನಿ. ನೀವು ಎಳೆದ್ರೆ ನೋವಾಗುತ್ತೆ."

ಸಿಕ್ಕು ಬಿಡಿಸುವಂತೆ ತುದಿಯಿಂದ ಬುಡಕ್ಕೆ ಬಂದು, ಒಂದೊಂದೇ ಎಳೆ ಬಿಡಿಸಿ ತಟ್ಟೆಗೆ ಹಾಕಿದರು. ತೇಲಿದ ಚೂರುಗಳನ್ನು ಅವನು ಪೈಪಿನಿಂದ ಬಕೆಟ್ಟಿಗೆ ಎಳೆದುಕೊಂಡ. ಕೊನೆಗೆ ನೋಡಿದರೆ ಗುಂಡಿಗಳಲ್ಲಿ ಮುಕ್ಕಾಲು ಕರಗಿಹೋಗಿದ್ದವು. ನಾಲ್ಕೈದು ಉಳಿದಿದ್ದವು.

ಕೈ ತೊಳೆಯಲು ನಾನು ನೀರು ತಂದೆ. ಉಪ್ಪು ಹಾಗೇ ಇರಲಿ ಅಂದು ಆಕೆ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡರು.

"ದೀಪ ಸಂಜೆಗೆ ಆರಿಸ್ಬೇಕು ಅತ್ತೆ" ಅಂದ ಅವನು. "ಇಲ್ಲಾಂದ್ರೆ ಪಾಚಿ ಮತ್ತೆ ಬಂದು ಉಳಿದಿದ್ದನ್ನೂ ಮುಚ್ಚುತ್ತೆ."

ಹೊತ್ತು ಇಳಿಯಿತು. ಸ್ವಿಚ್ಚಿನ ಮೇಲೆ ಬೆರಳಿಟ್ಟು ಅವನು ನಿಂತೇ ಇದ್ದ. ಕಡೆಗೆ ಆಕೆಯೇ ಎದ್ದು ಬಂದು ಅವನ ಬೆರಳಿನ ಮೇಲೆ ಬೆರಳೊತ್ತಿದರು. ಆ ಕೋಣೆ ಕತ್ತಲಾಯಿತು.

"ಹೆದರ್ಬೇಡ ಮಗಳೇ, ಇಲ್ಲೇ ಇದೀವಿ" ಅಂದರು ಮಂಚದ ಕಡೆ ತಿರುಗಿ.

ಅವನೂ ಆ ಕಡೆ ತಿರುಗಿದ. ನಾನೂ ತಿರುಗಿದೆ. ಮೂವರೂ ಸ್ವಲ್ಪ ಹೊತ್ತು ಹಾಗೇ ನಿಂತಿದ್ದೆವು, ಅತ್ತ ಕಡೆಯಿಂದ ಯಾರಾದರೂ ಹೂಂ ಅನ್ನಲಿ ಅಂತ ಕಾದವರ ಹಾಗೆ.