ಅಮ್ಮನ ಬದಲಿಗೆ ನಾನು ಹೇಳಿದ ‘ಬೇಡ’

ಅಮ್ಮ, ನಿನ್ನ ಚಿಕಿತ್ಸೆ ಮುಗಿದಿರಲಿಲ್ಲ. ಮುಗಿಯಿತು ಎಂದು ನಿನಗೆ ಹೇಳಿದ್ದು ನಾನು. ನಿನಗೆ ಬೇಡವಂತೆ ಎಂದು ಡಾಕ್ಟರಿಗೆ ಹೇಳಿದ್ದೂ ನಾನೇ. ಎರಡೂ ಸುಳ್ಳು ಎಂದು ನಿನಗೆ ತಿಳಿಯಲೇ ಇಲ್ಲ.

ಗರ್ಭಕೋಶದ ಬಾಯಿಯ ಕ್ಯಾನ್ಸರ್, ಮುಂದುವರಿದಿದೆ ಎಂದು ಗೊತ್ತಾದಾಗ ನಿನಗೆ ಎಪ್ಪತ್ತು ದಾಟಿತ್ತು. ಮುಟ್ಟು ನಿಂತು ಎಷ್ಟೋ ವರ್ಷದ ಮೇಲೆ ಕಂಡ ರಕ್ತವನ್ನು ನೀನು ನಾಚಿಕೆಯಿಂದ ಮುಚ್ಚಿಟ್ಟಿದ್ದೆ. ಆದರೆ ಕಾಯಿಲೆಯ ಹೆಸರು ಕೇಳಿದ ಮೇಲೆ ಹೆದರಲಿಲ್ಲ. ಬೈಕಂಪಾಡಿಯಿಂದ ದಿನಾ ನನ್ನ ಜೊತೆ ಬಸ್ಸು ಹತ್ತಿ ಅತ್ತಾವರದ ಆಸ್ಪತ್ರೆಗೆ ಬಂದು, ರೇಡಿಯೇಷನ್ ಕೋಣೆಯ ಹೊರಗಿನ ಬೆಂಚಿನಲ್ಲಿ ಸರದಿ ಕಾದೆ. ಅಲ್ಲಿಯೇ ಖತೀಜಮ್ಮನ ಸ್ನೇಹವಾದದ್ದು — ನಿನ್ನದೇ ಪ್ರಾಯ, ನಿನ್ನದೇ ಕಾಯಿಲೆ. “ನನಗೆ ಸಾಯ್ಲಿಕ್ಕೆ ಅರ್ಜೆಂಟ್ ಇಲ್ಲ ಮಾರಾಯ್ತಿ” ಎಂದು ನೀನು ಅವರಿಗೆ ಹೇಳಿದ್ದು ನನ್ನ ಕಿವಿಗೆ ಬಿದ್ದಿತ್ತು. ಬಿದ್ದಿದ್ದರೂ ನಾನು —

ಹೊರಗಿನಿಂದ ಕೊಡುವ ರೇಡಿಯೇಷನ್ ಮುಗಿದ ದಿನ ಡಾಕ್ಟರು ನನ್ನೊಬ್ಬಳನ್ನೇ ಕರೆದರು. “ಇನ್ನು ಒಳಗೆ ನಳಿಗೆ ಇಟ್ಟು ಅಲ್ಲಿಂದಲೇ ಕೊಡಬೇಕು. ಅದಿಲ್ಲದೆ ಇದು ಅರ್ಧ ಚಿಕಿತ್ಸೆ. ಪ್ರಾಯ ಆಯ್ತು ಅಂತ ಬಿಡಬೇಡಿ, ಅವರಿಗೆ ತಡೆಯುವ ಶಕ್ತಿ ಉಂಟು. ಅವರನ್ನು ಕೇಳಿ ಬನ್ನಿ.”

ನೀನು ಬಾಗಿಲಾಚೆಯೇ ಕೂತಿದ್ದೆ. ನಾನು ಹೊರಗೆ ಬಂದೆ, ನಿನ್ನ ಬಾಟಲಿಗೆ ನೀರು ತುಂಬಿಸಿದೆ, ಮತ್ತೆ ಒಳಗೆ ಹೋದೆ.

“ಅಮ್ಮನಿಗೆ ಬೇಡವಂತೆ ಡಾಕ್ಟ್ರೇ. ಸಾಕಾಗಿದೆಯಂತೆ.”

ಸಾಕಾಗಿದ್ದು ನನಗೆ. ಹಾಸಿಗೆಯ ಬಟ್ಟೆ ಒಗೆದು, ಅಂಗಡಿಯಲ್ಲಿ ರಜೆಗೆ ಅಂಗಲಾಚಿ, ಆ ವಾಸನೆ — ಹೌದು, ವಾಸನೆ — ಸಹಿಸಿ. ಈ ಪ್ರಾಯದಲ್ಲಿ ನಿನ್ನನ್ನು ಹಾಗೆ ಮಲಗಿಸುವುದು ಮಾನಕ್ಕೆ ಕಡಿಮೆ ಎಂಬ ಕಾರಣವನ್ನು ಆಮೇಲೆ ಹುಡುಕಿಕೊಂಡೆ.

“ಮುಗೀತಾ?” ಎಂದೆ ನೀನು.

“ಮುಗೀತು.”

ಬಸ್ಸು ಕೂಳೂರು ಸೇತುವೆ ಮುಟ್ಟುವಷ್ಟರಲ್ಲಿ, ಪಕ್ಕದಲ್ಲಿ ಕೂತ ಗುರುತಿಲ್ಲದ ಹೆಂಗಸಿಗೂ ಹೇಳಿಬಿಟ್ಟಿದ್ದೆ ನೀನು — ನನಗೆ ಗುಣ ಆಯ್ತು ಎಂದು.

ಕೆಲವು ವಾರದ ಮೇಲೆ ನಿನಗೆ ಖತೀಜಮ್ಮನ ಫೋನು ಬಂತು. “ಅವರಿಗೆ ಒಳಗಿನಿಂದಲೂ ಕೊಟ್ಟರಂತೆ. ನನಗೆ ಯಾಕೆ ಇಲ್ಲ?” ಎಂದು ಫೋನು ಇಟ್ಟ ಮೇಲೆ ನೀನು ನನ್ನ ಮುಖ ನೋಡಿದೆ. “ನಿನ್ನದು ಅಷ್ಟು ಜೋರಿಲ್ಲ, ಅದಕ್ಕೆ” ಎಂದೆ. ನೀನು ನಂಬಿದೆ. ಅವರಿಗಾಗಿ ಮರುಗಿದೆ ಕೂಡ.

ರಕ್ತ ಮತ್ತೆ ಕಂಡಾಗ ತಡವಾಗಿತ್ತು. ಇನ್ನು ನೋವಿಗೆ ಮಾತ್ರ ಮದ್ದು ಎಂದರು. “ನಿನಗೆ ಪುನಃ ಕಷ್ಟ ಕೊಟ್ಟೆನಲ್ಲ” ಎಂದು ನೀನೇ ನನ್ನಲ್ಲಿ ಕ್ಷಮೆ ಕೇಳಿದೆ. ಆಗಲೂ ನಾನು ಬಾಯಿ ಬಿಡಲಿಲ್ಲ. ಆ ಚಿಕಿತ್ಸೆಯಿಂದ ನೀನು ಉಳಿಯುತ್ತಿದ್ದೆಯೋ ಇಲ್ಲವೋ, ನನಗೆ ಗೊತ್ತಿಲ್ಲ. ಗೊತ್ತಾಗುವ ದಾರಿಯನ್ನೂ ಮುಚ್ಚಿದವಳು ನಾನು.

ನೀನು ಹೋಗಿ ವರ್ಷಗಳಾದವು. ಮೊನ್ನೆ ಅತ್ತಾವರದಲ್ಲಿ ಖತೀಜಮ್ಮ ಸಿಕ್ಕಿದರು, ತಪಾಸಣೆಗೆ ಬಂದಿದ್ದರಂತೆ. ನನ್ನ ಕೈ ಹಿಡಿದುಕೊಂಡು ಕೇಳಿದರು, “ಮಗಳೇ, ನಿನ್ನ ಅಮ್ಮನದ್ದು ಜೋರಿಲ್ಲ ಅಂತ ಅವರೇ ಹೇಳಿದ್ರಲ್ಲ. ಮತ್ತೆ ಎಂತ ಆಯ್ತು?”

“ಜೋರೇ ಇತ್ತು” ಎಂದೆ. “ನಿಮಗೆ ಮಾಡಿದ ಹಾಗೆಯೇ ಮಾಡಬೇಕಿತ್ತು. ನಾನು ಅಮ್ಮನನ್ನು ಕೇಳಲೇ ಇಲ್ಲ.”

ಅವರು ಹಿಡಿದ ಕೈಯನ್ನು ಮೆಲ್ಲನೆ ಬಿಟ್ಟರು.

ಇನ್ನು ದುಬೈಯಲ್ಲಿರುವ ಅಣ್ಣನಿಗೆ ಹೇಳಬೇಕು. ನಿನ್ನನ್ನು ನಾನು ಎಷ್ಟು ಚೆನ್ನಾಗಿ ನೋಡಿಕೊಂಡೆ ಎಂದು ಅವನು ಇವತ್ತಿಗೂ ಕಂಡವರಿಗೆಲ್ಲ ಹೇಳುತ್ತಾನೆ.