ಡಬ್ಬಿ ಮಿಸ್ ತಿದ್ದಿದ ಕೈಗಳು

ಶಾಲೆಯ ಮಕ್ಕಳು ಅವರನ್ನು ಡಬ್ಬಿ ಮಿಸ್ ಎಂದು ಕರೆಯುತ್ತಿದ್ದರು. ಚಿತ್ರಕಥೆಯ ಪುಟದಲ್ಲಿ ಸಾಲಾಗಿ ನಿಲ್ಲುವ ಚೌಕಗಳಿಗೆ ಅವರು ಮೊದಲ ದಿನವೇ ಡಬ್ಬಿ ಎಂದು ಹೆಸರಿಟ್ಟಿದ್ದರು. ಸಂಜೆಯೊಳಗೆ ಆ ಹೆಸರು ಅವರಿಗೇ ಅಂಟಿಕೊಂಡಿತು. ಒಂದು ಡಬ್ಬಿಯಲ್ಲಿ ಒಂದೇ ಸಂಗತಿ ಇರಬೇಕು, ಎರಡು ಡಬ್ಬಿಗಳ ನಡುವಿನ ಸಂದಿನಲ್ಲಿ ಏನಾಯಿತೆಂಬುದನ್ನು ಓದುವವರ ತಲೆಗೇ ಬಿಡಬೇಕು, ಕೊನೆಯ ಡಬ್ಬಿಯನ್ನು ಕೊನೆಯ ತರಗತಿಯವರೆಗೂ ಖಾಲಿ ಇಡಬೇಕು. ಅದರಲ್ಲಿ ಏನು ಬರುತ್ತದೆಂದು ಯಾರಿಗೂ, ಮಿಸ್‌ಗೂ ಸಹ, ಬಾಯಿ ಬಿಡಬಾರದು. ಹೆಚ್ಚುಕಡಿಮೆ ಇಷ್ಟೇ ಅವರ ಪಾಠ.

ಅವರ ಆಯುಷ್ಯದ ದೊಡ್ಡ ಪಾಲು ಒಂದು ಮಕ್ಕಳ ವಾರಪತ್ರಿಕೆಯಲ್ಲಿ ಕಳೆದಿತ್ತು. ಅಲ್ಲಿ ಅವರು ಕೊಡೆ ರಿಪೇರಿ ಮಾಡುವವನೊಬ್ಬನ ಸಾಹಸಗಳನ್ನು ವಾರಕ್ಕೊಂದು ಪುಟದಂತೆ ಬರೆದರು. ಪತ್ರಿಕೆ ನಿಂತಿತು. ಕೊಡೆಯವನು ಒಂದು ಛಾವಣಿಯಿಂದ ಇನ್ನೊಂದಕ್ಕೆ ಹಾರುತ್ತಿದ್ದವನು ನಡುಗಾಳಿಯಲ್ಲೇ ಉಳಿದುಬಿಟ್ಟ. ಆಮೇಲೆ ಯಾರೋ ಶಾಲೆಗೆ ಕರೆದರು, ಹೋದರು. ಮತ್ತೊಬ್ಬರು ಕರೆದರು, ಅಲ್ಲಿಗೂ ಹೋದರು. ಚಿತ್ರ ಬರೆದರೆ ಮಕ್ಕಳ ಮನಸ್ಸು ಅರಳುತ್ತದೆಂದು ಕರಪತ್ರಗಳಲ್ಲಿ ಅಚ್ಚಾಗುತ್ತಿದ್ದ ಮಾತನ್ನು ಅವರು ಅಷ್ಟಾಗಿ ನಂಬಿರಲಿಲ್ಲ. ಅರಳಿದ ಮನಸ್ಸನ್ನು ಅಳೆಯುವ ಪಟ್ಟಿ ಯಾರ ಬಳಿಯೂ ಇಲ್ಲವಲ್ಲ. ಹೇಳಿಕೊಟ್ಟ ಮೇಲೆ ಮಗು ತಾನಾಗಿ ಇನ್ನೊಂದು ಹಾಳೆ ಕೇಳುತ್ತದೆಯೇ, ಅಷ್ಟನ್ನು ನೋಡಿ ಮನೆಗೆ ಬರುತ್ತಿದ್ದರು. ಒಂದು ವಿಷಯದಲ್ಲಿ ಮಾತ್ರ ಅವರಿಗೆ ಹೆಮ್ಮೆಯಿತ್ತು: ಮಕ್ಕಳ ಗೆರೆಯನ್ನು ತಾವು ಎಂದೂ ತಿದ್ದಿದವರಲ್ಲ.

ಮನೆಯಲ್ಲಿ ಇದ್ದವರು ಇಬ್ಬರೇ, ಅವರು ಮತ್ತು ಅಕ್ಕ. ಅಕ್ಕ ಆಸ್ಪತ್ರೆಯಲ್ಲಿ ನರ್ಸ್ ಆಗಿ ದುಡಿದು ನಿವೃತ್ತರಾದವರು. ಎರಡನೆಯ ಮಹಡಿಯ ಆ ಮನೆಯಲ್ಲಿ ಊಟದ ಮೇಜಿನ ಅರ್ಧ ತಟ್ಟೆಗಳದ್ದು, ಇನ್ನರ್ಧ ಶಾಯಿಯದ್ದು. ನಡುವೆ ಗಡಿಯಾಗಿ ಅಕ್ಕ ಒಂದು ಉಪ್ಪಿನ ಬಾಟಲಿ ನಿಲ್ಲಿಸಿದ್ದರು. ಗಡಿ ದಾಟಿದ ಬ್ರಷ್ಷುಗಳನ್ನು ಅವರು ಮುಲಾಜಿಲ್ಲದೆ ಪಾತ್ರೆ ತೊಳೆಯುವ ತೊಟ್ಟಿಗೆ ಹಾಕುತ್ತಿದ್ದರು.

ಈ ಸಲದ ಶಾಲೆಯಲ್ಲಿ ಪಾಲಕರು ಬರುವ ದಿನಕ್ಕೆ ಮಕ್ಕಳ ಚಿತ್ರಕಥೆಗಳನ್ನು ಉದ್ದನೆಯ ಮೊಗಸಾಲೆಯ ಗೋಡೆಗೆ ಅಂಟಿಸುವುದೆಂದೂ ಜೆರಾಕ್ಸ್ ಮಾಡಿಸಿ ಪುಸ್ತಕ ಹೊಲಿಸುವುದೆಂದೂ ಮುಖ್ಯೋಪಾಧ್ಯಾಯಿನಿ ತೀರ್ಮಾನಿಸಿದರು. ಅವರು ಗಣಿತ ಕಲಿಸುವವರು. ಪೆನ್ಸಿಲ್ ಗೆರೆ ಯಂತ್ರದಲ್ಲಿ ಮೂಡುವುದಿಲ್ಲವೆಂಬುದನ್ನು ಮೂರು ಮಾದರಿ ತೆಗೆಸಿ ಡಬ್ಬಿ ಮಿಸ್‌ಗೆ ತೋರಿಸಿಯೇ ಒಪ್ಪಿಸಿದರು. ಹೀಗಾಗಿ ಡಬ್ಬಿ ಮಿಸ್ ಹಾಳೆಗಳ ಕಟ್ಟನ್ನು ಮನೆಗೆ ತಂದು, ಪೆನ್ಸಿಲ್ಲಿನ ಮೇಲೆ ಶಾಯಿ ಎಳೆದು, ಶಾಯಿ ಒಣಗಿದ ಮೇಲೆ ಪೆನ್ಸಿಲ್ಲನ್ನು ರಬ್ಬರಿನಿಂದ ಒರೆಸಲು ಕುಳಿತರು. ಸೊಟ್ಟ ಗೆರೆಯನ್ನು ಸೊಟ್ಟಗೇ ಎಳೆದರು. ಐದು ಕಾಲಿನ ಕುದುರೆಗೆ ಐದೂ ಕಾಲು ಉಳಿದವು.

ಕಟ್ಟಿನ ನಡುವೆ ಗುಬ್ಬಿಯ ಹಾಳೆ ಸಿಕ್ಕಿತು. ತರಗತಿಯಲ್ಲಿ ಎಲ್ಲರಿಗಿಂತ ಗಿಡ್ಡಗಿದ್ದ ಹುಡುಗಿಗೆ ಗೆಳತಿಯರು ಇಟ್ಟ ಹೆಸರು ಅದು. ಮಾತಾಡಿದರೆ ಬೆಂಚಿನ ಆಚೆ ತುದಿಗೂ ಕೇಳಿಸದು. ಅವಳ ಕಥೆ ಹೀಗಿತ್ತು: ಬಹುಮಹಡಿ ಕಟ್ಟಡವೊಂದರಲ್ಲಿ ಪ್ರಾಣಿ ಸಾಕಬಾರದೆಂದು ಮಾಲೀಕನ ಅಪ್ಪಣೆ. ತಲೆಗೆ ಟೋಪಿ ಹಾಕಿದ ಆ ಮಾಲೀಕ ಮನೆಮನೆಯ ಬಾಗಿಲು ಬಡಿದು, ಬೆಕ್ಕು ಇದೆಯಾ ಎಂದು ವಿಚಾರಿಸುತ್ತಾನೆ. ಪ್ರತಿ ಡಬ್ಬಿಯಲ್ಲೂ ಒಬ್ಬರು ಬಾಗಿಲಲ್ಲಿ ನಿಂತು ಇಲ್ಲ ಅನ್ನುತ್ತಾರೆ. ಮುಖಗಳಂತೂ ಬಲು ಸೊಗಸು, ಒಂದೊಂದರ ಹುಬ್ಬು ಒಂದೊಂದು ಬಗೆ. ಆದರೆ ಯಾರಿಗೂ ಕೈಗಳಿಲ್ಲ. ತೋಳುಗಳೆಲ್ಲ ಬೆನ್ನ ಹಿಂದೆ ಹೋಗಿ ಮಾಯವಾಗಿದ್ದವು.

ಡಬ್ಬಿ ಮಿಸ್‌ಗೆ ನಗು ಬಂತು. ಕೈ ಬರೆಯುವುದು ಕಷ್ಟ. ಕಲಿಯುವವರೆಲ್ಲ ಕೈಗಳನ್ನು ಬೆನ್ನ ಹಿಂದೆಯೋ ಜೇಬಿನೊಳಗೋ ಅಡಗಿಸುತ್ತಾರೆ. ಅವರೂ ಅಡಗಿಸಿದ್ದರು. ಪತ್ರಿಕೆಯ ಸಂಪಾದಕರು ಹಾಳೆಯನ್ನು ಬೆಳಕಿಗೆ ಹಿಡಿದು, ಇವನ ಕೈ ಏನಾಯ್ತಮ್ಮ, ಹಸಿವಾಯ್ತು ಅಂತ ತಿಂದುಬಿಟ್ಟೆಯಾ ಎಂದು ಇಡೀ ಕಚೇರಿಗೆ ಕೇಳುವಂತೆ ಮೂದಲಿಸಿದ್ದರು. ಅಂಥ ಮಾತು ಈ ಮಗುವಿಗೆ ಮೊಗಸಾಲೆಯಲ್ಲಿ ಬೀಳಬಾರದು ಅನ್ನಿಸಿತು. ಇಷ್ಟು ಚೆಂದದ ಮುಖಗಳಿಗೆ ಒಂದೆರಡು ಕೈ ಕೊಟ್ಟರೆ ತಪ್ಪೇನು? ಒಬ್ಬಳ ಕೈ ಸೊಂಟಕ್ಕೆ ಹೋಯಿತು, ಒಬ್ಬನದು ಗಲ್ಲಕ್ಕೆ. ಒಬ್ಬರು ಎರಡೂ ಅಂಗೈ ಚಾಚಿ ಇಲ್ಲವೆಂದರು. ಹಿಂದಕ್ಕೆ ಕೈ ಕಟ್ಟಿದ್ದ ಮಾಲೀಕನೂ ಒಂದು ಕೈಯನ್ನು ಜೋಲುಬಿಟ್ಟು, ಇನ್ನೊಂದರ ತೋರುಬೆರಳು ಎತ್ತಿ ಗದರಿಸಿದ. ಬಹಳ ದಿನಗಳ ಮೇಲೆ ಕೈ ಪಳಗಿದ ಕೆಲಸ ಸಿಕ್ಕಿತ್ತು; ಖುಷಿಯಿಂದಲೇ ಮುಗಿಸಿ ಪೆನ್ಸಿಲ್ ಗೆರೆಗಳನ್ನು ಒರೆಸಿದರು.

ಮರುದಿನ ಹಾಳೆ ಹಂಚಿದಾಗ ತರಗತಿ ಗಿಜಿಗುಟ್ಟಿತು. ತನ್ನ ಗೆರೆ ಅಚ್ಚು ಹಾಕಿದಂತೆ ಕಪ್ಪಗಾದದ್ದನ್ನು ಕಂಡು ಐದು ಕಾಲಿನ ಕುದುರೆಯವನು ಬೆಂಚು ಹತ್ತಿದ. ಗುಬ್ಬಿ ತನ್ನ ಹಾಳೆಯನ್ನು ನೋಡಿದಳು, ಬೋರಲು ಹಾಕಿದಳು, ಕಿಟಕಿಯ ಕಡೆ ತಿರುಗಿದಳು. ಎಲ್ಲರೂ ಕೊನೆಯ ಡಬ್ಬಿ ತುಂಬುತ್ತಿದ್ದರೂ ಅವಳು ಪೆನ್ನು ಮುಟ್ಟಲಿಲ್ಲ. ಡಬ್ಬಿ ಮಿಸ್ ಹತ್ತಿರ ಹೋಗಿ ಬಾಗಿ ಏನಾಯಿತೆಂದು ಕೇಳಿದರು.

"ಇದು ನಂದಲ್ಲ ಮಿಸ್."

"ನಿಂದೇ ಕಣೇ. ಕೈ ಮಾತ್ರ ನಾನು ಸೇರಿಸ್ದೆ. ಕೈ ಬರಿಯೋದು ಕಷ್ಟ ಅಲ್ವಾ, ಅದಕ್ಕೆ."

"ನಂಗೆ ಕೈ ಬರುತ್ತೆ." ಅವಳು ಹಾಳೆಯ ಹಿಂಬದಿಯಲ್ಲಿ ತನ್ನ ಎಡಗೈಯನ್ನೇ ನೋಡಿಕೊಂಡು ಬೆರಳು, ಉಗುರು, ಮಣಿಕಟ್ಟು ಎಲ್ಲವನ್ನೂ ಬರೆದು ತೋರಿಸಿದಳು. ಹೆಬ್ಬೆರಳು ಸ್ವಲ್ಪ ಉದ್ದವಾಗಿತ್ತು, ಉಳಿದಂತೆ ಕೈಯೇ. "ಅವ್ರು ಬೇಕಂತಲೇ ಹಿಂದೆ ಇಟ್ಕೊಂಡಿದ್ರು. ಕೊನೇ ಡಬ್ಬೀಲಿ ಗೊತ್ತಾಗ್ಬೇಕಿತ್ತು. ಈಗ ಎಲ್ರ ಕೈನೂ ಕಾಣ್ಸುತ್ತೆ. ಎಲ್ಲಾ ಖಾಲಿ."

ಏನನ್ನು ಇಟ್ಟುಕೊಂಡಿದ್ದರೆಂದು ಡಬ್ಬಿ ಮಿಸ್ ಕೇಳಲಿಲ್ಲ. ಹೇಳಬಾರದೆಂಬ ನಿಯಮ ಅವರದೇ.

ಮನೆಗೆ ಬಂದು ಅವರು ಅಕ್ಕನಿಗೆ ಎಲ್ಲವನ್ನೂ ಹೇಳಿದರು. ನೂರು ಮಕ್ಕಳು ಕೈ ಅಡಗಿಸಿದ್ದು ಅಳುಕಿನಿಂದಲೇ ಆಗಿರಬಹುದು. ನೂರಾ ಒಂದನೆಯವಳೂ ಹಾಗೆಯೇ ಎಂದು ಕೇಳದೆಯೇ ಎಣಿಸಿದ್ದು ಅನುಭವದ ಹೆಸರಿನ ಸೋಮಾರಿತನ. ಅದೂ ತಮ್ಮ ಹೆಮ್ಮೆ ಇದ್ದ ಜಾಗದಲ್ಲೇ. ನೆನಪಿನಿಂದ ಮೊದಲಿನಂತೆ ಬರೆದುಕೊಡೋಣವೆಂದರೆ ತೋಳುಗಳು ಎಷ್ಟು ಬಾಗಿದ್ದವು, ಭುಜ ಯಾವ ಕಡೆ ಎತ್ತಿತ್ತು, ಒಂದೂ ನೆನಪಿರಲಿಲ್ಲ. ನೋಡುವಾಗ ತಪ್ಪೊಂದನ್ನೇ ನೋಡಿದ್ದರು. ಆ ಹುಡುಗಿ ಇನ್ನು ಪೆನ್ಸಿಲ್ ಹಿಡಿಯದಿದ್ದರೆ ಏನು ಮಾಡುವುದು?

"ನಾವು ಹೊಲಿಗೆ ಹಾಕೋಕ್ ಮುಂಚೆ ಎಲ್ಲಿ ನೋಯ್ತಿದೆ ಅಂತ ಕೇಳ್ತಿದ್ವಿ," ಎಂದರು ಅಕ್ಕ, ಉಪ್ಪಿನ ಬಾಟಲಿಯನ್ನು ಸ್ವಲ್ಪ ತಮ್ಮ ಕಡೆಗೇ ಸರಿಸಿಕೊಂಡು. "ನೀನು ಚೆನ್ನಾಗಿರೋರ್ನ ಮಲಗಿಸಿ ಆಪರೇಷನ್ ಮಾಡಿದೀಯ. ಈಗ್ಲಾದ್ರೂ ಏನು ಬೇಕು ಅಂತ ಅವಳನ್ನೇ ಕೇಳು. ನನ್ನ ಕೇಳಿ ಏನುಪಯೋಗ?"

ಪಾಲಕರ ದಿನದ ಹಿಂದಿನ ಮಧ್ಯಾಹ್ನ ಅವರು ಹೊಸ ಹಾಳೆಯೊಂದನ್ನೂ ಬಿಳಿ ಬಣ್ಣದ ಸೀಸೆಯನ್ನೂ ತಮ್ಮ ಒಳ್ಳೆಯ ಬ್ರಷ್ಷನ್ನೂ ಗುಬ್ಬಿಯ ಮುಂದಿಟ್ಟರು. ಕೇಳದೆ ಮುಟ್ಟಿದ್ದು ತಪ್ಪು, ಹೇಗಿತ್ತೋ ಹಾಗೆ ಮಾಡಿಕೊಡಲು ತಮ್ಮಿಂದ ಆಗುವುದಿಲ್ಲ ಎಂದು ನೇರವಾಗಿ ಹೇಳಿದರು. ಹೊಸದಾಗಿ ಬರೆಯಬಹುದು, ಬೇಡದ ಕೈಗಳನ್ನು ಬಿಳಿಯಿಂದ ಮುಚ್ಚಬಹುದು, ಗೋಡೆಗೆ ಬೇಡವೆಂದರೆ ಹಾಳೆಯನ್ನು ಮನೆಗೆ ಒಯ್ಯಬಹುದು. ಮುಖ್ಯೋಪಾಧ್ಯಾಯಿನಿಗೆ ತಾವೇ ತಿಳಿಸುವುದಾಗಿಯೂ ಸೇರಿಸಿದರು.

ಗುಬ್ಬಿ ಹಳೆಯ ಹಾಳೆಯನ್ನೇ ಹತ್ತಿರಕ್ಕೆ ಎಳೆದುಕೊಂಡಳು. ಆಮೇಲೆ ಸೀಸೆಯ ಮುಚ್ಚಳ ತಿರುಗಿಸಿದಳು.

ಸೊಂಟದ ಕೈ ಹೋಯಿತು, ಗಲ್ಲದ ಕೈ ಹೋಯಿತು. ಬಿಳಿ ಹೆಚ್ಚಾದಲ್ಲಿ ಬಣ್ಣ ಉಬ್ಬಿ ನಿಂತಿತು, ಕಡಿಮೆಯಾದಲ್ಲಿ ಕಪ್ಪು ಬೆರಳು ಇಣುಕಿತು. ಬ್ರಷ್ಷನ್ನು ಒಂದಿಷ್ಟು ಓರೆ ಹಿಡಿ ಎಂಬ ಮಾತು ಡಬ್ಬಿ ಮಿಸ್ ಅವರ ನಾಲಿಗೆಯ ತುದಿಗೆ ಬಂದು ಹಿಂದೆ ಹೋಯಿತು. ಒಣಗಿದ ಬಿಳಿಯ ಮೇಲೆ ಹುಡುಗಿ ತೋಳುಗಳನ್ನು ಮತ್ತೆ ಬೆನ್ನ ಹಿಂದಕ್ಕೆ ತಿರುಗಿಸಿದಳು. ಮಾಲೀಕನ ಸರದಿ ಬಂದಾಗ ಬ್ರಷ್ ನಿಂತಿತು.

"ಇವ್ರದ್ದು ಹೀಗೇ ಇರ್ಲಿ."

ಬೇಸರ ಬಂದಿರಬೇಕೆಂದು ಡಬ್ಬಿ ಮಿಸ್‌ಗೆ ಅನ್ನಿಸಿತು. ಆದರೆ ಹಾಗೆಂದು ಎಣಿಸುವ ಕೆಲಸವನ್ನು ಈ ಸಲ ಅಲ್ಲಿಗೇ ನಿಲ್ಲಿಸಿದರು. "ಯಾಕೆ?" ಎಂದು ಕೇಳಿದರು.

"ಹೇಳಲ್ಲ," ಎಂದಳು ಗುಬ್ಬಿ. ಕೊನೆಯ ಡಬ್ಬಿಯನ್ನು ಮನೆಯಲ್ಲಿ ಬರೆದು ತರುವುದಾಗಿ ಹೇಳಿ ಹಾಳೆಯನ್ನು ಸುರುಳಿ ಸುತ್ತಿಕೊಂಡು ಹೋದಳು.

ಮರುದಿನ ಮೊಗಸಾಲೆ ತುಂಬಿತ್ತು. ಎಲ್ಲ ಹಾಳೆಗಳ ಮುಂದೆಯೂ ಜನ ನಿಂತು ಸಾಗುತ್ತಿದ್ದರು, ಒಂದು ಕಡೆ ಮಾತ್ರ ಸಾಲು ಕಟ್ಟಿತ್ತು. ಅಲ್ಲಿ ಗುಬ್ಬಿ ಸ್ಟೂಲು ಹತ್ತಿ ನಿಂತು ಕೊನೆಯ ಡಬ್ಬಿಯನ್ನು ಅಂಗೈಯಿಂದ ಮುಚ್ಚಿ ಹಿಡಿದಿದ್ದಳು. ಮೊದಲಿನಿಂದ ಓದಿ ಬಂದವರಿಗಷ್ಟೇ ಕೈ ತೆಗೆಯುತ್ತಿದ್ದಳು. ನೇರ ಕೊನೆಗೆ ಬಂದ ಮುಖ್ಯೋಪಾಧ್ಯಾಯಿನಿಯನ್ನೂ ತಲೆಯಾಡಿಸಿ ಆರಂಭಕ್ಕೆ ಕಳುಹಿಸಿದಳೆಂದೂ ಅವರು ಮರುಮಾತಿಲ್ಲದೆ ಹೋದರೆಂದೂ ಸಾಲಿನಲ್ಲಿದ್ದವರು ಹೇಳಿಕೊಂಡು ನಗುತ್ತಿದ್ದರು.

ಡಬ್ಬಿ ಮಿಸ್ ಸಾಲಿನಲ್ಲಿ ನಿಂತರು. ಬಿಳಿಯ ಉಬ್ಬುಗಳನ್ನು ದಾಟಿ ಒಂದೊಂದೇ ಬಾಗಿಲು, ಒಂದೊಂದೇ 'ಇಲ್ಲ' ಓದುತ್ತ ಬಂದರು. ಅಂಗೈ ಸರಿಯಿತು. ಇಡೀ ಕಟ್ಟಡದವರು ಬೆನ್ನು ತಿರುಗಿಸಿ ಸಾಲಾಗಿ ನಿಂತಿದ್ದರು. ಹಿಂದಕ್ಕೆ ಕಟ್ಟಿದ ಪ್ರತಿ ಜೋಡಿ ಕೈಯಲ್ಲೂ ಒಂದೊಂದು ಬೆಕ್ಕಿನ ಮರಿ. ತುದಿಯಲ್ಲಿ ಬೆರಳೆತ್ತಿ ಗದರಿಸುತ್ತಿದ್ದ ಮಾಲೀಕನ ಕೈಗಳು ಖಾಲಿ. ಅವನ ಟೋಪಿಯ ಅಂಚಿನಿಂದ ಒಂದು ಬಾಲ ಇಳಿಬಿದ್ದಿತ್ತು.

ಅವರು ಜೋರಾಗಿ ನಕ್ಕರು, ಹಿಂದಿನವರು ಬಗ್ಗಿ ನೋಡುವಷ್ಟು. ತಮ್ಮ ತಪ್ಪಿನಿಂದಲೇ ಕಥೆ ಇನ್ನೂ ಚೆಂದವಾಯಿತೆಂದು ಮನಸ್ಸು ಸಮಾಧಾನ ಹುಡುಕಿತಾದರೂ ಅವರು ಅದಕ್ಕೆ ಆಸ್ಪದ ಕೊಡಲಿಲ್ಲ. ಮೊದಲಿನ ಕಥೆಯನ್ನು ಅವರೇ ರಬ್ಬರಿನಿಂದ ಒರೆಸಿದ್ದರು. ಹೋಲಿಸಿ ನೋಡಲು ಏನೂ ಉಳಿದಿರಲಿಲ್ಲ.

"ಓನರ್ ಮರಿ ಮೊದ್ಲಿಂದಾನೂ ಟೋಪೀಲೇ ಇತ್ತಾ?" ಎಂದು ತಗ್ಗಿದ ದನಿಯಲ್ಲಿ ಕೇಳಿದರು.

"ಅದು ಬೇರೆ ಕಥೆ ಮಿಸ್. ಇನ್ನೊಂದು ಹಾಳೆ ಕೊಟ್ರೆ ಬರೀತೀನಿ," ಎಂದು, ಹಿಂದಿನವರು ಮುಂದೆ ಬಂದದ್ದರಿಂದ ಗುಬ್ಬಿ ಡಬ್ಬಿಯನ್ನು ಮತ್ತೆ ಅಂಗೈಯಿಂದ ಮುಚ್ಚಿದಳು.