ಕುದುರೆ ಮನೆಯ ಸಿಪಾಯಿ

ಚದುರಂಗ ಬುದ್ಧಿವಂತರ ಆಟ ಎಂದವರು ಯಾರೂ ತುಮಕೂರಿನ ನಮ್ಮ ಕ್ಲಬ್ಬಿನ ಮೆಟ್ಟಿಲು ಹತ್ತಿದವರಲ್ಲ. ಎಪ್ಪತ್ತರ ದಶಕದ ಕೊನೆಯಲ್ಲಿ, ಹೋಟೆಲೊಂದರ ಮಹಡಿಯ ಮೇಲೆ, ಸಾಂಬಾರಿನ ವಾಸನೆಯ ನಡುವೆ ಆ ಬುದ್ಧಿಯನ್ನೆಲ್ಲ ನಾನು ಕಣ್ಣಾರೆ ಕಂಡಿದ್ದೇನೆ. ನಾನು ಮಾತ್ರ ಆಡುತ್ತಿರಲಿಲ್ಲ. ನಿಯಮದ ಪುಸ್ತಕ ಪೂರ್ತಿ ಓದಿಕೊಂಡಿದ್ದೆ. ಓದಿದವನಿಗೆ ಆಡುವ ದರ್ದೇನು?

ಆ ಭಾನುವಾರ ಗೆದ್ದವರು ಕ್ಲಬ್ಬಿನ ಪರವಾಗಿ ಬೆಂಗಳೂರಿನ ಪಂದ್ಯಕ್ಕೆ ಹೋಗಬೇಕಿತ್ತು. ಒಂದು ಕಡೆ ಗುಬ್ಬಿಯ ಕೊಬ್ಬರಿ ವ್ಯಾಪಾರಿ ಮಹದೇವಪ್ಪನವರು. ಆಡುವ ಮೊದಲೇ ಕುಣಿಗಲ್ಲಿನ ಬೀಗರಿಗೆ ಸುದ್ದಿ ಮುಟ್ಟಿಸಿ, ಬೆಂಗಳೂರಿಗೆಂದು ಕೋಟು ಹೊಲಿಸಿಕೊಂಡಿದ್ದ ಮಹಾಶಯರು. ಎದುರಿಗೆ ಆ ಕೋಟು ಹೊಲಿದ ಟೈಲರ್ ಅನ್ವರ್ ಸಾಹೇಬರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರನ್ನು ಕೇಳಿದ್ದೆ, ಹೊಲಿದವನ ಜೊತೆಯೇ ಕೂಸಿಗಾಗಿ ಜಗಳಕ್ಕೆ ಕೂತವರನ್ನು ನೋಡಿದ್ದು ಅಲ್ಲೇ.

ಅದನ್ನು ಆಟ ಎನ್ನುವುದಾದರೆ ಸಂತೆಯ ಚೌಕಾಸಿಗೂ ಪದಕ ಕೊಡಬೇಕು. ಇವರು ಒಂದು ಕಾಯಿ ನಡೆಸುವುದರೊಳಗೆ ಸುತ್ತ ನಿಂತವರು ಹತ್ತು ನಡೆಸುತ್ತಿದ್ದರು. "ಆನೆ ತಗೀರಿ, ಆನೆ ತಗೀರಿ" ಎಂದು ಆಟ ನೋಡಲು ಕುಣಿಗಲ್ಲಿನಿಂದ ಬಂದಿದ್ದ ಬೀಗರೂ ಕಿರುಚಿದರು. ಅವರಿಗೆ ಆನೆ ಯಾವುದೆಂದೇ ಗೊತ್ತಿರಲಿಲ್ಲ.

ಹೇಗೋ ಏನೋ, ಮಹದೇವಪ್ಪನವರ ಸಿಪಾಯಿಯೊಂದು ಎದುರು ಕಡೆಯ ಕೊನೆಯ ಸಾಲು ಮುಟ್ಟಿತು. ಕ್ಲಬ್ಬಿನ ನಿಯಮದಂತೆ ಅದನ್ನು ಮಂತ್ರಿ ಮಾಡಿಕೊಂಡಿದ್ದರೆ ಆಟ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ನಮ್ಮ ಊರುಗಳ ಜಗಲಿ ಕಟ್ಟಳೆಯೇ ಬೇರೆ: ಸಿಪಾಯಿ ಯಾರ ಮನೆ ಮುಟ್ಟುತ್ತಾನೋ ಅವನೇ ಆಗಬೇಕು. ಇದು ಆಟದ ಶುರುವಿನಲ್ಲಿ ಕುದುರೆ ನಿಲ್ಲುವ ಮನೆ. ಮಹದೇವಪ್ಪನವರು ಗತ್ತಿನಿಂದ ಕುದುರೆ ಇಟ್ಟರು. ಸಾಹೇಬರು ಸರಿ ಎಂದು ತಲೆಯಾಡಿಸಿದರು. ಅಷ್ಟು ಹೊತ್ತು ಒಬ್ಬೊಬ್ಬರು ಒಂದೊಂದು ನಡೆ ಹೇಳುತ್ತಿದ್ದ ಜನ ಆಗ ಮಾತ್ರ ಒಟ್ಟಿಗೇ ತಲೆಯಾಡಿಸಿದರು. ಸ್ವಲ್ಪ ಹೊತ್ತಿಗೆ ಆ ಕುದುರೆಯೂ ಹೋಯಿತು, ಹಿಂದೆಯೇ ರಾಜನೂ ಹೋದ.

ನನಗೆ ತಡೆಯಲಾಗಲಿಲ್ಲ. "ರೀ, ಮಂತ್ರಿ ಇಟ್ಟಿದ್ರೆ ಗೆದ್ದಿರ್ತಿದ್ರಲ್ರೀ! ಪುಸ್ತಕದಲ್ಲೇ ಇದೆ" ಎಂದೆ.

ಕೊಳೆತ ತೆಂಗಿನಕಾಯಿ ನೋಡುವಂತೆ ಅವರು ನನ್ನನ್ನು ನೋಡಿದರು. "ಗೊತ್ತು ಕಣ್ರೀ ಮೇಷ್ಟ್ರೆ. ಕುದುರೆ ಮನೇಲಿ ಮಂತ್ರಿ ಇಟ್ಟು ಗೆದ್ದೆ ಅಂತ ಊರಲ್ಲಿ ಹೆಂಗ್ ಮುಖ ತೋರ್ಸ್ಲಿ?" ಎಂದವರೇ ಎದುರಾಳಿಯ ಕಡೆ ತಿರುಗಿದರು. "ಕೋಟು ನೀವೇ ಹಾಕ್ಕೊಂಡೋಗಿ ಸಾಹೇಬ್ರೆ. ತೋಳು ಉದ್ದ ಆಯ್ತದೆ, ಕತ್ತರಿಸ್ಕೊಳ್ಳಿ."

"ಕತ್ತರಿಸಲ್ಲ ಅಣ್ಣ, ಅದು ನಿಮ್ಮ ಅಳತೆ. ಮಡಚ್ಕೊಂಡೇ ಹೋಗ್ತೀನಿ" ಎಂದರು ಸಾಹೇಬರು.

ಬೀಗರನ್ನೂ ಕರೆದುಕೊಂಡು, ಇಬ್ಬರೂ ನಗುತ್ತ ಕೆಳಗೆ ಕಾಫಿಗೆ ಇಳಿದರು. ಇಂಥ ದಡ್ಡರ ಜೊತೆ ಯಾರು ಕಾಫಿ ಕುಡಿಯುತ್ತಾರೆ ಎಂದುಕೊಂಡು ನಾನು ಪುಸ್ತಕ ತೆರೆದೆ. ಅವರು ಕರೆಯಲೂ ಇಲ್ಲ ಅನ್ನಿ.